ಬೇಸಿಗೆ ರಜೆ: ನೋಡುವುದು, ಕಾಯುವುದು, ಕೊಡುವುದು

ಏಪ್ರಿಲ್ ತಿಂಗಳ ಎರಡನೆಯ ವಾರ ಬಂತೆಂದರೆ ಶಾಲೆಯ ಗಂಟೆ ಮೌನವಾಗುತ್ತದೆ, ಮನೆಯ ಗದ್ದಲ ಆರಂಭವಾಗುತ್ತದೆ. ಮೇ ಕೊನೆಯವರೆಗೆ ಹೆಚ್ಚುಕಡಿಮೆ ಐವತ್ತು ದಿನ. "ಇವರನ್ನು ಇಷ್ಟು ದಿನ ಹೇಗಪ್ಪಾ ಸುಧಾರಿಸುವುದು?" ಎಂಬುದು ತಾಯಂದಿರ ಚಿಂತೆ. ಅನುಕೂಲ ಉಳ್ಳವರು ಬೇಸಿಗೆ ಶಿಬಿರಕ್ಕೆ ಹಣ ಕಟ್ಟುತ್ತಾರೆ. ಉಳಿದವರು ಮೊಬೈಲನ್ನು ಮಗುವಿನ ಕೈಗಿತ್ತು ಸುಮ್ಮನಾಗುತ್ತಾರೆ. ಪೋಷಕರೇ, ಈ ಐವತ್ತು ದಿನಗಳನ್ನು ಹೆಚ್ಚಿನ ಖರ್ಚಿಲ್ಲದೆ, ಪರಿಸರಕ್ಕೂ ಮಗುವಿಗೂ ಹಿತವಾಗುವಂತೆ ಬಳಸುವುದು ಹೇಗೆಂದು ಸ್ವಲ್ಪ ಯೋಚಿಸೋಣ.

ಪರಿಸರವೆಂಬ ಮಾತು ನಮ್ಮ ಮಕ್ಕಳಿಗೆ ಹೊಸದಲ್ಲ. ಪಠ್ಯಪುಸ್ತಕದಲ್ಲಿ ಪಾಠವಿದೆ, ಭಾಷಣ ಸ್ಪರ್ಧೆಯಿದೆ, 'ಭೂಮಿಯನ್ನು ಉಳಿಸಿ' ಎಂದು ಥರ್ಮೋಕೋಲಿನಲ್ಲಿ ಮಾಡಿದ ಮಾದರಿಯೂ ಇದೆ. ಸ್ಪರ್ಧೆ ಮುಗಿದ ಮರುದಿನ ಅದೇ ಥರ್ಮೋಕೋಲ್ ತಿಪ್ಪೆಯಲ್ಲಿ ಬಿದ್ದಿರುತ್ತದೆ! ಓಝೋನ್ ಪದರದ ಹೆಸರು ಬಲ್ಲ ಮಗುವಿಗೆ ಹಿತ್ತಲಿನ ಗಿಡದ ಹೆಸರು ತಿಳಿಯದು. ಇದು ಮಗುವಿನ ತಪ್ಪಲ್ಲ. ಕಲಿಸಿದ ಕ್ರಮವೇ ತಲೆಕೆಳಗಾಗಿದೆ.

ಬುದ್ಧಿಗೆ ಬರುವುದೆಲ್ಲ ಮೊದಲು ಇಂದ್ರಿಯಗಳ ಬಾಗಿಲಿನಿಂದಲೇ ಬರಬೇಕು ಎಂಬುದು ಸಂತ ತೋಮಸ್ ಅಕ್ವಿನಾಸರು ಒಪ್ಪಿದ ಹಳೆಯ ತತ್ವ. ಕಾಣದ್ದನ್ನು ಅರಿಯಲಾರೆವು, ಅರಿಯದ್ದನ್ನು ಪ್ರೀತಿಸಲಾರೆವು. ಅವರಿಗಿಂತ ಬಹಳ ಹಿಂದೆ ಬಾಳಿದ ಅರಿಸ್ಟಾಟಲನು ಇನ್ನೊಂದನ್ನು ತಿಳಿಸಿದ್ದ: ಸದ್ಗುಣ ಉಪದೇಶ ಕೇಳಿ ಬರುವುದಿಲ್ಲ, ಮಾಡಿ ಮಾಡಿ ರೂಢಿಯಾಗುತ್ತದೆ. ಈ ಎರಡನ್ನೂ ಮನಸ್ಸಿನಲ್ಲಿಟ್ಟು ರಜೆಯ ಕೆಲಸಗಳನ್ನು ಮೂರು ಪಾಠಗಳಾಗಿ ಜೋಡಿಸಬಹುದು.

ಮೊದಲ ಪಾಠ: ನೋಡುವುದು

ಮನೆಯ ಹತ್ತಿರದ ಒಂದು ಮರವನ್ನು ಮಗುವೇ ಆರಿಸಲಿ. ದಿನಾ ಬೆಳಿಗ್ಗೆ ಬಿಸಿಲೇರುವ ಮುನ್ನ ಹದಿನೈದು ನಿಮಿಷ ಅದರ ಕೆಳಗೆ ಕುಳಿತು ಕಂಡದ್ದನ್ನು ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಲ್ಲಿ ದಿನಾಂಕ ಹಾಕಿ ಬರೆಯಲಿ. ಯಾವ ಹಕ್ಕಿ ಬಂತು, ಇರುವೆಗಳ ಸಾಲು ಎಲ್ಲಿಗೆ ಹೋಯಿತು, ಚಿಗುರು ಯಾವ ಬಣ್ಣದ್ದು? ಬೇಸಿಗೆಯಲ್ಲಿ ಎಡೆಬಿಡದೆ ಕೂಗುವ ಕೋಗಿಲೆಯನ್ನೇ ತೆಗೆದುಕೊಳ್ಳಿ. 'ಕುಹೂ' ಎನ್ನುವುದು ಮಿರಮಿರನೆ ಹೊಳೆಯುವ ಕಪ್ಪು ಗಂಡು. ಹೆಣ್ಣಿನ ಮೈ ಕಂದು, ಅದರ ಮೇಲೆ ಬಿಳಿ ಚುಕ್ಕೆಗಳು. ಅದು ಗೂಡು ಕಟ್ಟದೆ ಹೆಚ್ಚಾಗಿ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ. ಕಾಗೆ ಕೋಗಿಲೆಯನ್ನು ಅಟ್ಟಿಸಿಕೊಂಡು ಹೋಗುವುದನ್ನು ಒಮ್ಮೆ ಕಣ್ಣಾರೆ ಕಂಡ ಮಗು ಅದನ್ನು ಮರೆಯುವುದಿಲ್ಲ. ಆದರೆ ಗೂಡನ್ನಾಗಲಿ ಮೊಟ್ಟೆಯನ್ನಾಗಲಿ ಮುಟ್ಟಬಾರದೆಂಬ ಶಿಸ್ತೂ ಜೊತೆಗಿರಲಿ.

ಮಗು ಹೆಸರು ಕೇಳಿದಾಗ ನಿಮಗೆ ತಿಳಿಯದಿದ್ದರೆ? ನಾಚಿಕೆಪಡಬೇಕಾಗಿಲ್ಲ. 1908ರ ಸುಮಾರಿಗೆ ಮುಂಬಯಿಯ ಬಾಲಕನೊಬ್ಬ ತಾನು ಹೊಡೆದ ಗುಬ್ಬಿಯ ಕತ್ತಿನಲ್ಲಿ ಹಳದಿ ಮಚ್ಚೆ ಕಂಡು, ಇದು ಯಾವ ಗುಬ್ಬಿಯೆಂದು ಸೋದರಮಾವನನ್ನು ಕೇಳಿದ. ಮಾವನಿಗೂ ತಿಳಿಯಲಿಲ್ಲ. ಗದರಿಸಿ ಕಳುಹಿಸುವ ಬದಲು ಅವರು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿಯ ಕಾರ್ಯದರ್ಶಿ ಮಿಲ್ಲಾರ್ಡ್ ಅವರು ಹಕ್ಕಿಯ ಹೆಸರು ಹೇಳಿದ್ದಲ್ಲದೆ ಸಂಸ್ಥೆಯ ಸಂಗ್ರಹವನ್ನೂ ತೋರಿಸಿದರು. ಆ ಬಾಲಕನೇ ಮುಂದೆ ಪಕ್ಷಿತಜ್ಞರಾದ ಸಲೀಂ ಅಲಿ. ಭಾರತದ ಹಕ್ಕಿಗಳ ಬಗ್ಗೆ ಅವರು ಬರೆದ ಕೈಪಿಡಿ 1941ರಲ್ಲಿ ಹೊರಬಂತು. "ನನಗೂ ಗೊತ್ತಿಲ್ಲ ಮಗಾ, ಬಾ, ಬಲ್ಲವರನ್ನು ಕೇಳೋಣ" ಎನ್ನುವ ಹಿರಿಯರು ಮಗುವಿಗೆ ದೊಡ್ಡ ಉಪಕಾರ ಮಾಡುತ್ತಾರೆ.

ಮಳೆಯನ್ನು ಅಳೆಯುವುದೂ ಒಂದು ನೋಟವೇ. ಬಾಯಿಂದ ತಳದವರೆಗೆ ಒಂದೇ ಅಗಲವಿರುವ, ಸಮತಟ್ಟಾದ ತಳದ ಗಾಜಿನ ಪಾತ್ರೆಯನ್ನು ಬಯಲಿನಲ್ಲಿಟ್ಟು, ಮಳೆ ನಿಂತ ಮೇಲೆ ನೀರಿನ ಎತ್ತರವನ್ನು ಅಳತೆಪಟ್ಟಿಯಿಂದ ಮಿಲಿಮೀಟರಿನಲ್ಲಿ ಅಳೆಯಬೇಕು. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. 100 ಚದರ ಮೀಟರ್ ತಾರಸಿಯ ಮೇಲೆ 20 ಮಿಲಿಮೀಟರ್ ಸುರಿದರೆ 2,000 ಲೀಟರ್! 'ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ' ಎಂಬ ಗಾದೆಯ ಭರಣಿ ಮಳೆ ಏಪ್ರಿಲ್ ಕೊನೆಯ ವಾರದಲ್ಲಿ ಹೂಡುತ್ತದೆ, ಅಂದರೆ ರಜೆಯ ನಡುವೆಯೇ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರ್ ನೀರಿಗೆ ಕಾದದ್ದನ್ನು ನೆನಪಿಸಿ, ನಮ್ಮ ತಾರಸಿಯ ನೀರು ಎಲ್ಲಿಗೆ ಹೋಗುತ್ತಿದೆಯೆಂದು ಮಗುವನ್ನೇ ಕೇಳಿ ನೋಡಿ.

ಎರಡನೆಯ ಪಾಠ: ಕಾಯುವುದು

ಆದಿಕಾಂಡದ ಎರಡನೆಯ ಅಧ್ಯಾಯದ ಪ್ರಕಾರ, ತೋಟದಲ್ಲಿ ದುಡಿಯುವುದು ಮತ್ತು ಅದನ್ನು ಕಾಯುವುದು ದೇವರು ಮಾನವನಿಗೆ ವಹಿಸಿದ ಮೊದಲ ಕೆಲಸ. ಹಾಗೆಯೇ ಪ್ರತಿ ಮಗುವಿಗೂ ಒಂದು ಜೀವವನ್ನು ಕಾಯುವ ಹೊಣೆ ಕೊಡಿ. ಅದು ಆಟದ ಕೆಲಸವಾಗಿರದೆ ನಿಜವಾದ ಕೆಲಸವಾಗಿರಲಿ. ಮಗು ಮರೆತರೆ ನೆನಪಿಸಿ. ಅದರ ಬದಲು ಗುಟ್ಟಾಗಿ ನೀವೇ ಮಾಡಿಬಿಡಬೇಡಿ.

ಹಕ್ಕಿಗಳಿಗೆ ನೀರಿಡುವುದು ಚಿಕ್ಕ ಮಕ್ಕಳಿಗೂ ಆಗುವ ಕೆಲಸ. ಅಗಲವಾದ, ಆಳವಿಲ್ಲದ ಮಣ್ಣಿನ ಬೋಗುಣಿಯನ್ನು ನೆರಳಿನಲ್ಲಿ, ಬೆಕ್ಕಿಗೆ ಎಟುಕದಂತೆ ಇಡಬೇಕು. ನಡುವೆ ಒಂದು ಕಲ್ಲಿದ್ದರೆ ಜೇನುಹುಳುವೂ ಕುಳಿತು ಕುಡಿಯುತ್ತದೆ. ನೀರನ್ನು ದಿನಾ ಚೆಲ್ಲಿ ಬೋಗುಣಿಯ ಒಳಬದಿಯನ್ನು ತಿಕ್ಕಿ ತೊಳೆಯಬೇಕು. ಡೆಂಗ್ಯೂ ಹರಡುವ ಸೊಳ್ಳೆ ಪಾತ್ರೆಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ. ಆ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತವೆ, ನೀರು ಸಿಕ್ಕರೆ ಒಂದು ವಾರ ಹತ್ತು ದಿನಗಳಲ್ಲಿ ಸೊಳ್ಳೆಗಳಾಗಿ ಹಾರುತ್ತವೆ. ಒಳ್ಳೆಯ ಕೆಲಸವನ್ನೂ ಎಚ್ಚರದಿಂದ ಮಾಡಬೇಕೆಂದು ಮಗು ಇದರಿಂದ ಕಲಿಯುತ್ತದೆ.

ದೊಡ್ಡ ಮಕ್ಕಳು ತಿಂದ ಹಣ್ಣಿನ ಬೀಜದಿಂದ ಸಸಿ ಮಾಡಲಿ. ಬೀಜಗಳ ಸ್ವಭಾವ ಒಂದೇ ತೆರನಲ್ಲ. ಹಲಸು, ಮಾವು, ನೇರಳೆ ಬೀಜಗಳು ಒಣಗಿದರೆ ಸಾಯುತ್ತವೆ. ಆದ್ದರಿಂದ ಹಣ್ಣು ತಿಂದ ಕೆಲವೇ ದಿನಗಳಲ್ಲಿ ಮಣ್ಣಿಗೆ ಹಾಕಬೇಕು. ಹುಣಸೆ ಬೀಜದ ಸಿಪ್ಪೆ ಗಟ್ಟಿ. ತಿಂಗಳುಗಟ್ಟಲೆ ಡಬ್ಬಿಯಲ್ಲಿಟ್ಟರೂ ಕೆಡದು, ಬಿತ್ತುವ ಮುನ್ನ ಒಂದು ರಾತ್ರಿ ನೀರಿನಲ್ಲಿ ನೆನೆಸಿದರೆ ಸಾಕು. ಖಾಲಿಯಾದ ಹಾಲಿನ ಪ್ಯಾಕೆಟ್ಟಿನ ತಳಕ್ಕೆ ತೂತು ಮಾಡಿ ಮಣ್ಣು ತುಂಬಿದರೆ ಅದೇ ಕುಂಡ. ಅಂದಹಾಗೆ, ಪ್ಯಾಕೆಟ್ ಕತ್ತರಿಸುವಾಗ ಮೂಲೆಯ ಚೂರನ್ನು ಪೂರ್ತಿ ಬೇರ್ಪಡಿಸದೆ ಅಂಟಿಕೊಂಡೇ ಇರಲು ಬಿಡಿ. ಆ ಸಣ್ಣ ಚೂರುಗಳೇ ಯಾರ ಕೈಗೂ ಸಿಗದೆ ಚರಂಡಿ ಸೇರುವಂಥವು.

ಅಡುಗೆಮನೆಯ ಸಿಪ್ಪೆ, ಸೊಪ್ಪಿನ ದಂಟುಗಳಿಗೆ ತೂತು ಮಾಡಿದ ಹಳೆಯ ಮಡಕೆಯೊಂದು ಸಾಕು. ಒಂದು ಪದರ ಹಸಿಕಸ, ಅದರ ಮೇಲೆ ಒಂದು ಪದರ ತರಗೆಲೆ. ತೇವ ಹಿಂಡಿದ ಬಟ್ಟೆಯಷ್ಟಿರಲಿ, ವಾಸನೆ ಬಂದರೆ ಇನ್ನಷ್ಟು ತರಗೆಲೆ ಹಾಕಲಿ. ಎರಡು ಮೂರು ತಿಂಗಳಲ್ಲಿ ಅದು ಗೊಬ್ಬರವಾಗುತ್ತದೆ. ಕೊಳೆತದ್ದು ಮಣ್ಣಾಗಿ, ಮಣ್ಣು ಅನ್ನವಾಗುವ ಸೃಷ್ಟಿಯ ಕ್ರಮ ಮಗುವಿನ ಕಣ್ಣೆದುರೇ ನಡೆಯುತ್ತದೆ.

ಮೂರನೆಯ ಪಾಠ: ಕೊಡುವುದು

ಕಾದದ್ದನ್ನು ತನ್ನದೆಂದು ಬಚ್ಚಿಟ್ಟುಕೊಂಡರೆ ಪಾಠ ಅರ್ಧಕ್ಕೇ ನಿಲ್ಲುತ್ತದೆ. ಜೂನ್ ಮೊದಲ ವಾರಗಳಲ್ಲಿ ಮುಂಗಾರು ಬಂದಾಗ ಸಸಿಗಳನ್ನು ನೆರೆಯವರಿಗೆ, ಶಾಲೆಗೆ ಮಗು ತನ್ನ ಕೈಯಾರೆ ಕೊಡಲಿ. ನೆಡುವಾಗ ಪ್ಯಾಕೆಟ್ ಬಿಡಿಸಿ ಹಿಂದಕ್ಕೆ ತರಲಿ. ಮಾಗಡಿ ತಾಲ್ಲೂಕಿನ ಸಾಲುಮರದ ತಿಮ್ಮಕ್ಕನವರ ಕಥೆಯನ್ನು ಆಗ ಹೇಳಿ. ಮಕ್ಕಳಿಲ್ಲದ ಆ ತಾಯಿ ಪತಿ ಚಿಕ್ಕಯ್ಯನವರೊಡನೆ ಹುಲಿಕಲ್ ಮತ್ತು ಕುದೂರಿನ ನಡುವಿನ ರಸ್ತೆಯ ಬದಿಯಲ್ಲಿ ಸುಮಾರು 385 ಆಲದ ಮರಗಳನ್ನು ಬೆಳೆಸಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಸಸಿ ನೆಡುವುದು ಒಂದು ದಿನದ ಮಾತು. ಅವರು ವರ್ಷಗಟ್ಟಲೆ ಕೊಡದಲ್ಲಿ ನೀರು ಹೊತ್ತು, ದನಕರುಗಳು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದ್ದರಿಂದ ಆ ಸಸಿಗಳು ಮರಗಳಾದವು. ನೆರಳು ಯಾರ್ಯಾರೋ ದಾರಿಹೋಕರಿಗೆ ದೊರೆಯಿತು.

ಅಜ್ಜಿಗೆ ಸಮಯ ಕೊಡುವುದೂ ಕೊಡುವುದೇ. ತಾರಸಿಯ ಮೇಲೆ ಸಂಡಿಗೆ, ಹಪ್ಪಳ ಒಣಗಿಸುವಾಗ ಕಾಗೆ ಕಾಯುವ ಕೆಲಸ ಮೊಮ್ಮಕ್ಕಳದು. ಬಿಸಿಲಿನ ಶಕ್ತಿಗೆ ಇದಕ್ಕಿಂತ ರುಚಿಯಾದ ಪಾಠವುಂಟೇ? ಹಳೆಯ ಸೀರೆಯಿಂದ ಕೈಚೀಲ ಹೊಲಿಯುವುದನ್ನು ಅಜ್ಜಿಯೇ ಕಲಿಸಲಿ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲಗಳಿಗೆ 2016ರಲ್ಲೇ ನಿಷೇಧ ಬಂದರೂ ಸಂತೆಗೆ ಬರಿಗೈಯಲ್ಲಿ ಹೋಗುವ ನಮ್ಮ ರೂಢಿ ಇನ್ನೂ ಪೂರ್ತಿ ಹೋಗಿಲ್ಲ. ಸುಡುಬಿಸಿಲಿನ ಮಧ್ಯಾಹ್ನ ಹೊರಗೆ ಬಿಡದೆ ಹುಣಸೆ ಬೀಜ ಹಾಕಿ ಚೌಕಾಬಾರ, ಅಳಗುಳಿಮಣೆ ಆಡಿಸಿ. ಕೆರೆ, ಹೊಳೆ, ಕಲ್ಲುಕ್ವಾರಿಯ ನೀರಿಗೆ ಮಾತ್ರ ಹಿರಿಯರಿಲ್ಲದೆ ಮಕ್ಕಳನ್ನು ಎಂದೂ ಕಳುಹಿಸಬೇಡಿ. ರಜೆಯಲ್ಲಿ ಮುಳುಗಿದ ಮಕ್ಕಳ ಸುದ್ದಿ ಎಷ್ಟು ಮನೆಗಳ ದೀಪ ಆರಿಸಿದೆಯೆಂದು ನಾವು ಬಲ್ಲೆವು.

ಇಷ್ಟು ಸಣ್ಣ ಕೆಲಸಗಳಿಂದ ಏನಾದೀತು?

ಕಾರ್ಖಾನೆಗಳು ಹೊಳೆಗೆ ವಿಷ ಬಿಡುತ್ತಿರುವಾಗ ಒಂದು ಮಗು ಒಂದು ಚೊಂಬು ನೀರು ಉಳಿಸಿದರೆ ಏನು ಫಲ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆ ಚೊಂಬಿನಿಂದ ಅಣೆಕಟ್ಟು ತುಂಬದು. ದೊಡ್ಡವರ ತಪ್ಪಿಗೆ ಮಕ್ಕಳನ್ನು ಹೊಣೆಯಾಗಿಸುವುದೂ ಸಲ್ಲದು. ಆದರೆ ನಾಳೆ ಕಾರ್ಖಾನೆ ನಡೆಸುವವರೂ ಕಾನೂನು ಮಾಡುವವರೂ ಮತ ಹಾಕುವವರೂ ಇಂದು ನಮ್ಮ ಅಂಗಳದಲ್ಲಿ ಆಡುತ್ತಿರುವ ಮಕ್ಕಳೇ ಅಲ್ಲವೇ? ತಾನು ಕಾದ ಸಸಿ ಬಾಡಿದ್ದನ್ನು ಕಂಡು ಒಮ್ಮೆ ಅತ್ತವನಿಗೆ ಕಾಡು ಕಡಿಯುವ ಕಾಗದಕ್ಕೆ ಸಹಿ ಹಾಕುವುದು ಅಷ್ಟು ಸುಲಭವಾಗದು. ಜಗದ್ಗುರು ಫ್ರಾನ್ಸಿಸ್‌ರವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ನೀರಿನ ಮಿತಬಳಕೆ, ಕಸ ಬೇರ್ಪಡಿಸುವುದು, ಉಣ್ಣುವಷ್ಟೇ ಬೇಯಿಸುವುದು, ಬೇಡದ ದೀಪ ಆರಿಸುವುದು ಮುಂತಾದ ದಿನನಿತ್ಯದ ಕೆಲಸಗಳನ್ನು ಒಂದೊಂದಾಗಿ ಹೆಸರಿಸಿರುವುದು ಇದೇ ಕಾರಣಕ್ಕೆ. ಅಂಥ ಕೆಲಸಗಳಲ್ಲಿ ಮನುಷ್ಯನ ಸ್ವಭಾವ ರೂಪುಗೊಳ್ಳುತ್ತದೆ.

ಇವೆಲ್ಲವನ್ನೂ ಒಂದೇ ರಜೆಯಲ್ಲಿ ಮಾಡಿ ಮುಗಿಸಬೇಕೆಂದಿಲ್ಲ. ನೋಡಲು ಒಂದು, ಕಾಯಲು ಒಂದು, ಕೊಡಲು ಒಂದು ಆರಿಸಿಕೊಂಡರೆ ಸಾಕು.

ಭಾನುವಾರ ಊಟಕ್ಕೆ ಕುಳಿತಾಗ ಮನೆಮಂದಿಯೆಲ್ಲ ಮಾತನಾಡಲು:

1. ನಮ್ಮ ಮನೆಯ ಸುತ್ತಲಿನ ಎಷ್ಟು ಗಿಡಮರಗಳ, ಹಕ್ಕಿಗಳ ಹೆಸರು ನಮಗೆ ಗೊತ್ತು?

2. ಈ ರಜೆಯಲ್ಲಿ ಪ್ರತಿ ಮಗು ಯಾವ ಜೀವವನ್ನು ಕಾಯುವ ಹೊಣೆ ಹೊರುತ್ತದೆ? ಹಿರಿಯರಲ್ಲಿ ಯಾರು ಜೊತೆ ಕೊಡುತ್ತಾರೆ?

3. ಶಾಲೆ ತೆರೆಯುವ ದಿನ ನಾವು ಯಾರಿಗೆ ಏನನ್ನು ಕೊಡಬಹುದು?