ಕೂಲರ್ ಕೊಳ್ಳುವ ಮುನ್ನ ಮುಚ್ಚಳ ತೆಗೆಯಿರಿ

ಗ್ರಾಫಿಕ್ಸ್ ಕಾರ್ಡ್ ಕಾದು ಕೆಂಡವಾಗುತ್ತಿದೆ, ಫ್ಯಾನು ಮಿಕ್ಸಿಯಂತೆ ಅರಚುತ್ತಿದೆ ಅಂತ ಹೊಸ ಕೂಲರಿಗೆ ಓಡಬೇಡಿ. ಮೊದಲು ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದಿಟ್ಟು ಅರ್ಧ ಗಂಟೆ ಗೇಮ್ ಆಡಿ ನೋಡಿ. ಬಿಸಿ ಏಳೆಂಟು ಡಿಗ್ರಿ ಇಳಿಯಿತೋ, ತಪ್ಪು ಕಾರ್ಡಿನದಲ್ಲ, ಗಾಳಿಯದು. ಮುಂದಿನ ಫ್ಯಾನು ತಂಪುಗಾಳಿ ಎಳೆಯಬೇಕು, ಹಿಂದಿನದು ಬಿಸಿಗಾಳಿ ದಬ್ಬಬೇಕು. ಮಾಮೂಲಿ ಫ್ಯಾನಿನಲ್ಲಿ ಮೋಟರನ್ನು ಹಿಡಿದಿರುವ ಅಡ್ಡಪಟ್ಟಿಗಳು ಯಾವ ಕಡೆ ಇವೆಯೋ ಗಾಳಿ ಹೊರಡುವುದು ಆ ಕಡೆಗೆ. (ಇದು ಗೊತ್ತಿಲ್ಲದೆ ನಾನೇ ಒಂದು ಬೇಸಿಗೆಯಿಡೀ ಎರಡೂ ಫ್ಯಾನುಗಳನ್ನು ಹೊರಮುಖವಾಗಿ ಓಡಿಸಿದ್ದೆ.) ಮುಂದಿನ ಜಾಲರಿಯ ಧೂಳನ್ನೂ ತೆಗೆಯಿರಿ, ಊದುವಾಗ ರೆಕ್ಕೆ ಗಿರ್ರೆಂದು ತಿರುಗದಂತೆ ಬೆರಳಿಟ್ಟು ಹಿಡಿಯಿರಿ.

ಅಷ್ಟಕ್ಕೂ ಬಗ್ಗದಿದ್ದರೆ, ವಾರಂಟಿ ಮುಗಿದಿದ್ದರೆ, ಕೂಲರ್ ಬದಲಿಸಿ. ಅದರ ಸ್ಕ್ರೂ ತೂತುಗಳು ನಿಮ್ಮ ಕಾರ್ಡಿಗೆ ಹೊಂದುತ್ತವೆಯೇ ಎಂದು ಕೊಳ್ಳುವ ಮೊದಲೇ ಅಳೆದುಕೊಳ್ಳಿ. ಚಿಪ್ ಮೇಲಿನ ಹಳೆಯ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಹೊಸದನ್ನು ಚಿಪ್‌ನ ಇಡೀ ಮೈಗೆ ತೆಳುವಾಗಿ ಸವರಿ. ಈ ಚಿಪ್‌ಗೆ ಸಾಮಾನ್ಯವಾಗಿ ಪ್ರೊಸೆಸರಿನಂತೆ ಲೋಹದ ಮುಚ್ಚಳ ಇರುವುದಿಲ್ಲ. ಹಾಗಾಗಿ ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಚೂರುಚೂರೇ ಬಿಗಿಮಾಡಿ. ಒಂದೇ ಮೂಲೆ ಅದುಮಿದರೆ ಅಂಚು ಮುಕ್ಕಾದೀತು. ಮೆಮೊರಿ ಮೇಲಿನ ಥರ್ಮಲ್ ಪ್ಯಾಡು ಅರ್ಧ ಮಿಲಿಮೀಟರ್ ಹೆಚ್ಚು ದಪ್ಪವಾದರೂ ಕೂಲರು ಚಿಪ್‌ಗೆ ಸರಿಯಾಗಿ ತಾಗದು. ಹಳೆಯ ಕೂಲರನ್ನು ಮಾತ್ರ ಎಸೆಯಬೇಡಿ. ಕಾರ್ಡ್ ಮಾರುವಾಗ ಕೇಳುತ್ತಾರೆ.