ಹಾಡಿನ ಹಿಂದೆ ‘ಸುಂಯ್’ ಎನ್ನುವುದು ಯಾರು?

ಕಾರು ನಿಂತಿದ್ದಾಗ ಸ್ಟೀರಿಯೊ ಸೊಗಸಾಗಿಯೇ ಹಾಡುತ್ತದೆ. ಎಂಜಿನ್ ಶುರುವಾದದ್ದೇ ತಡ, ಹಾಡಿನೊಳಗೆ ಸೊಳ್ಳೆ ಹೊಕ್ಕಂತೆ ಸಣ್ಣದೊಂದು ‘ಸುಂಯ್’. ಆಕ್ಸಿಲರೇಟರ್ ಒತ್ತಿದರೆ ಅದೂ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಗಾಯಕಿ ಮಂದ್ರದಲ್ಲಿ, ಡೈನಮೊ ತಾರದಲ್ಲಿ. ನನ್ನ ಹಳೆಯ ಹ್ಯಾಚ್‌ಬ್ಯಾಕ್‌ನಲ್ಲಿ ಈ ಜುಗಲ್‌ಬಂದಿ ಎರಡು ತಿಂಗಳು ನಡೆಯಿತು. ಅಂಗಡಿಯವನ ಮಾತು ನಂಬಿ ಮೊದಲು ಕೇಬಲ್ ಬದಲಿಸಿದೆ, ಆಮೇಲೆ ಫಿಲ್ಟರ್ ಹಾಕಿಸಿದೆ, ಸ್ಪೀಕರ್ ಬದಲಿಸುವ ಮಾತೂ ಬಂತು. ಕೊನೆಗೆ ಸಿಕ್ಕಿಬಿದ್ದ ಕಳ್ಳ ಯಾರೆಂದರೆ, ಡಿಕ್ಕಿಯಲ್ಲಿ ಬಣ್ಣದ ಮೇಲೆಯೇ ಬಿಗಿದಿದ್ದ ಒಂದು ಅರ್ತ್ ಸ್ಕ್ರೂ. ಬಣ್ಣ ಉಜ್ಜಿ ತೆಗೆದು ಮತ್ತೆ ಬಿಗಿಯಲು ಐದು ನಿಮಿಷ ಸಾಕಾಯಿತು.

ಹಾಗಾಗಿ ಇಲ್ಲಿ ಸಾಮಾನು ಕೊಳ್ಳುವ ಮಾತು ಕೊನೆಗೆ, ಕಿವಿಗೊಡುವ ಮಾತು ಮೊದಲಿಗೆ. ಗಲಾಟೆ ಎಲ್ಲಿಂದ ಒಳಗೆ ಬರುತ್ತಿದೆ ಎಂಬುದನ್ನು ಅದರ ದನಿಯೇ ಮುಕ್ಕಾಲು ಪಾಲು ಹೇಳಿಬಿಡುತ್ತದೆ. ಈ ತಲೆನೋವು ಕಾರ್ ರೇಡಿಯೊದಷ್ಟೇ ಹಳೆಯದು. 1930ರಲ್ಲಿ ಅಮೆರಿಕದ ಗ್ಯಾಲ್ವಿನ್ ಸಹೋದರರು ಮೋಟೊರೋಲಾ ಹೆಸರಿನ ಕಾರ್ ರೇಡಿಯೊ ಹೊರತಂದಾಗ, ರೇಡಿಯೊವನ್ನು ಕಾರಿನಲ್ಲಿ ಕೂರಿಸುವುದಕ್ಕಿಂತ ಎಂಜಿನ್ನಿನ ಕಿಡಿಗಳ ಸದ್ದು ಅದರಲ್ಲಿ ಕೇಳದಂತೆ ಮಾಡುವುದೇ ದೊಡ್ಡ ಕೆಲಸವಾಗಿತ್ತು.

ಕೈ ಹಾಕುವ ಮುನ್ನ

ಬೇಕಾದದ್ದು ಹೆಚ್ಚೇನಿಲ್ಲ: 10ರ ಸ್ಪ್ಯಾನರ್, ಸ್ಕ್ರೂಡ್ರೈವರ್, ಮರಳು ಕಾಗದ, ಒಂದಿಷ್ಟು ವೈರ್, ಒಂದು ಮಲ್ಟಿಮೀಟರ್. ವೈರಿಂಗ್ ಬಿಚ್ಚುವ ಮೊದಲು ಎಂಜಿನ್ ನಿಲ್ಲಿಸಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಕಳಚಿ. ಕಂಪನಿಯಿಂದಲೇ ಬಂದ ಸ್ಟೀರಿಯೊಗೆ ಕೋಡ್ ಇದ್ದರೆ ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ. ಎಂಜಿನ್ ಓಡುತ್ತಿರುವಾಗ ಮಾತ್ರ ಯಾವ ಕಾರಣಕ್ಕೂ ಬ್ಯಾಟರಿ ಕಳಚಬೇಡಿ. ಆಗ ವೋಲ್ಟೇಜ್ ಒಮ್ಮೆಲೇ ಜಿಗಿದು ಕಾರಿನ ಕಂಪ್ಯೂಟರನ್ನೇ ಸುಟ್ಟೀತು. ಡ್ಯಾಶ್‌ಬೋರ್ಡ್ ಒಳಗೆ ಹಳದಿ ಕಪ್ಲರ್‌ಗಳು ಕಂಡರೆ ಅವು ಏರ್‌ಬ್ಯಾಗಿನವು, ಮುಟ್ಟಬೇಡಿ. ವಾರಂಟಿ ಇರುವ ಹೊಸ ಕಾರಾದರೆ ಮೂಲ ವೈರ್‌ಗಳನ್ನು ಕತ್ತರಿಸಲೇಬೇಡಿ.

ಮೊದಲ ಹಂತ: ದನಿ ಯಾವುದು?

ಗದ್ದಲವಿಲ್ಲದ ಜಾಗದಲ್ಲಿ ಕಾರು ನಿಲ್ಲಿಸಿ, ಕಿಟಕಿ ಮುಚ್ಚಿ, ಹಾಡನ್ನು ಪಾಜ್ ಮಾಡಿ ಅಥವಾ ತೀರಾ ಸಣ್ಣ ದನಿಯಲ್ಲಿಡಿ. ಮೊದಲು ಎಂಜಿನ್ ಇಲ್ಲದೆ, ಬರೀ ಕೀಲಿ ತಿರುಗಿಸಿ ಕೇಳಿ. ಪೆಟ್ರೋಲ್ ಕಾರಿನಲ್ಲಿ ಕೀಲಿ ತಿರುಗಿಸಿದೊಡನೆ ಎರಡು ಮೂರು ಸೆಕೆಂಡ್ ಮಾತ್ರ ‘ಗುಂಯ್’ ಎಂದು ನಿಂತುಹೋದರೆ ಅದು ಟ್ಯಾಂಕಿನೊಳಗಿನ ಪೆಟ್ರೋಲ್ ಪಂಪಿನದು. ಆಮೇಲೆ ಎಂಜಿನ್ ಶುರು ಮಾಡಿ, ನಿಧಾನವಾಗಿ ರೇಸ್ ಕೊಡಿ.

ರೇಸ್ ಏರಿದಂತೆ ಶ್ರುತಿಯೂ ಏರುವ ‘ಸುಂಯ್’ ಡೈನಮೊದ್ದು, ಅಂದರೆ ಆಲ್ಟರ್ನೇಟರಿನದು. ಅದು ತಯಾರಿಸುವುದು ಏರಿಳಿಯುವ ಎಸಿ ಕರೆಂಟ್. ಒಳಗಿನ ಡಯೋಡುಗಳು ಅದನ್ನು ಡಿಸಿ ಮಾಡುತ್ತವೆ, ಆದರೆ ಪೂರ್ತಿ ನುಣುಪಾಗಿಸುವುದಿಲ್ಲ. ಆ ಉಳಿದ ಅಲೆಯೇ ನಮ್ಮ ಕಿವಿಗೆ ಬೀಳುವುದು. ಸಾಮಾನ್ಯವಾದ 12 ಧ್ರುವಗಳ ಆಲ್ಟರ್ನೇಟರ್ ಎಂಜಿನ್ನಿನ ಎರಡೂವರೆ ಪಟ್ಟು ವೇಗದಲ್ಲಿ ತಿರುಗುತ್ತದೆ ಎಂದಿಟ್ಟುಕೊಳ್ಳಿ. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುವಾಗ ಈ ಅಲೆ ಸುಮಾರು 1200 ಹರ್ಟ್ಸ್ ಇರುತ್ತದೆ. 1600 ಸುತ್ತಿಗೆ 2400 ಹರ್ಟ್ಸ್, ಸರಿಯಾಗಿ ಒಂದು ಸ್ಥಾಯಿ ಮೇಲೆ. ನಮ್ಮ ಕಿವಿ ಚುರುಕಾಗಿರುವ ಭಾಗವೂ ಅದೇ ಆದ್ದರಿಂದ ಇಷ್ಟು ಸಣ್ಣ ಸದ್ದು ಇಷ್ಟು ಕಿರಿಕಿರಿ ಮಾಡುತ್ತದೆ.

ರೇಸಿನ ಜೊತೆಗೇ ವೇಗ ಹೆಚ್ಚಿಸಿಕೊಳ್ಳುವ ‘ಟಿಕ್ ಟಿಕ್’ ಸ್ಪಾರ್ಕ್ ಪ್ಲಗ್ ಕಡೆಯದು. ಡೀಸೆಲ್ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗೇ ಇಲ್ಲ. ಹಾಗಾಗಿ ಡೀಸೆಲ್ ಕಾರಿಗೆ ‘ಪ್ಲಗ್ ಪ್ರಾಬ್ಲಮ್’ ಎಂದು ಯಾರಾದರೂ ಹೇಳಿದರೆ ನಕ್ಕು ಮುಂದಿನ ಅಂಗಡಿಗೆ ಹೋಗಿ. ಎಂಜಿನ್ ಇರಲಿ ಬಿಡಲಿ ಒಂದೇ ಸಮನೆ ಬುಸುಗುಟ್ಟುವುದು ಆಂಪ್ಲಿಫೈಯರ್‌ನ ಗೇನ್ ಹೆಚ್ಚಾದಾಗ. ವೈಪರ್, ಎಸಿ ಬ್ಲೋವರ್, ಪವರ್ ವಿಂಡೊ, ಇಂಡಿಕೇಟರ್ ಒಂದೊಂದನ್ನೇ ಹಾಕಿ ಆರಿಸಿ ನೋಡಿ. ಯಾವುದರ ಜೊತೆ ಸದ್ದು ಹುಟ್ಟಿ ಸಾಯುತ್ತದೋ ಅದರ ಮೋಟರ್ ಅಥವಾ ಅದರ ಅರ್ತ್ ಕಾರಣ. ಕರೆ ಬರುವ ಕ್ಷಣ ಮುಂಚೆ ‘ಡಿಗ್ ಡಿಗ್ ಡಿಗ್’ ಎನ್ನುವುದು 2ಜಿ ಸಂಪರ್ಕದಲ್ಲಿರುವ ಮೊಬೈಲು. ಅದನ್ನು ಸ್ಟೀರಿಯೊದಿಂದ ಒಂದು ಮೊಳ ದೂರ ಇಟ್ಟರೆ ಮುಗಿಯಿತು.

ಎರಡನೆಯ ಹಂತ: ಚಾರ್ಜರ್ ಕಿತ್ತು ನೋಡಿ

ಯಾವ ಸ್ಕ್ರೂ ಬಿಚ್ಚುವುದಕ್ಕೂ ಮೊದಲು ಲೈಟರ್ ಸಾಕೆಟ್ಟಿನಲ್ಲಿರುವುದನ್ನೆಲ್ಲ ಕಿತ್ತುಬಿಡಿ: ಮೊಬೈಲ್ ಚಾರ್ಜರ್, ಡ್ಯಾಶ್‌ಕ್ಯಾಮ್, ಗಾಳಿ ಶುದ್ಧಿ ಮಾಡುವ ಪೆಟ್ಟಿಗೆ. ಮೊಬೈಲನ್ನು ಆಕ್ಸ್ ವೈರಿನಲ್ಲಿ ಸ್ಟೀರಿಯೊಗೆ ಸಿಕ್ಕಿಸಿ, ಅದೇ ಹೊತ್ತಿಗೆ ಕಾರಿನಲ್ಲೇ ಚಾರ್ಜಿಗೂ ಹಾಕಿದ್ದೀರಾ? ಹಾಗಿದ್ದರೆ ಕಳ್ಳ ಬಹುಶಃ ಅಲ್ಲೇ ಇದ್ದಾನೆ. ಮೊಬೈಲಿನ ನೆಗೆಟಿವ್ ಆಗ ಎರಡು ದಾರಿಗಳಲ್ಲಿ ಕಾರಿನ ಬಾಡಿಗೆ ಸೇರುತ್ತದೆ, ಒಂದು ಚಾರ್ಜರ್ ಮೂಲಕ, ಇನ್ನೊಂದು ಆಕ್ಸ್ ವೈರಿನ ಮೂಲಕ. ಅಕ್ಕಪಕ್ಕದ ಎರಡು ಗದ್ದೆಗಳ ನಡುವೆ ಬದು ಕಡಿದಂತೆ ಇದು. ಮಟ್ಟದಲ್ಲಿ ಬೆರಳಷ್ಟು ವ್ಯತ್ಯಾಸವಿದ್ದರೂ ನೀರು ಹರಿಯತೊಡಗುತ್ತದೆ. ಇಲ್ಲಿ ಹರಿಯುವುದು ಡೈನಮೊದ ಕೊಳೆ, ಹರಿಯುವ ಕಾಲುವೆ ನಿಮ್ಮ ಹಾಡಿನ ವೈರು. ಇದಕ್ಕೆ ಗ್ರೌಂಡ್ ಲೂಪ್ ಎನ್ನುತ್ತಾರೆ.

ಚಾರ್ಜರ್ ಕಿತ್ತೊಡನೆ ಸದ್ದು ನಿಂತರೆ ಸ್ಟೀರಿಯೊದಲ್ಲಿ ದೋಷವಿಲ್ಲ. ಬ್ಲೂಟೂತ್ ಇದ್ದರೆ ಅದನ್ನೇ ಬಳಸಿ. ನಡುವೆ ವೈರೇ ಇಲ್ಲದ ಮೇಲೆ ಲೂಪ್ ಎಲ್ಲಿಂದ? ಆದರೆ ಹಳೆಯ ಸ್ಟೀರಿಯೊಗೆ ಆಕ್ಸ್‌ನಲ್ಲಿ ಸಿಕ್ಕಿಸುವ ಬ್ಲೂಟೂತ್ ರಿಸೀವರ್ ತಂದು, ಅದರ ಕರೆಂಟಿಗೆ ಮತ್ತದೇ ಕಾರ್ ಚಾರ್ಜರ್ ಹಾಕಿದರೆ ಹಳೇ ಕಥೆ ಮರುಕಳಿಸುತ್ತದೆ. ಒಳಗೇ ಬ್ಯಾಟರಿ ಇರುವಂಥದ್ದನ್ನು ಕೊಳ್ಳಿ.

ಮೂರನೆಯ ಹಂತ: ವಾಲ್ಯೂಮ್ ತಿರುಗಿಸಿ

ವಾಲ್ಯೂಮ್ ಏರಿಸಿದರೆ ಸದ್ದೂ ಏರುತ್ತದೆಯೇ? ಹಾಗಾದರೆ ಅದು ವಾಲ್ಯೂಮಿಗಿಂತ ಹಿಂದೆ, ಅಂದರೆ ಮೊಬೈಲ್, ಆಕ್ಸ್, ರೇಡಿಯೊ ಕಡೆಯಿಂದ ಬರುತ್ತಿದೆ. ವಾಲ್ಯೂಮ್ ಸೊನ್ನೆಗಿಳಿಸಿದರೂ ಸದ್ದು ಇದ್ದಷ್ಟೇ ಇದ್ದರೆ, ಅದು ವಾಲ್ಯೂಮಿನ ಆಚೆ, ಸ್ಟೀರಿಯೊದಿಂದ ಆಂಪ್‌ಗೆ ಹೋಗುವ ದಾರಿಯಲ್ಲೋ ಆಂಪ್‌ನಲ್ಲೋ ಸೇರಿಕೊಳ್ಳುತ್ತಿದೆ. ಈ ಒಂದು ಪರೀಕ್ಷೆ ಅರ್ಧ ಕಾರನ್ನು ಬಿಚ್ಚುವ ಕೆಲಸ ಉಳಿಸುತ್ತದೆ.

ಬೇರೆ ಆಂಪ್ ಹಾಕಿಸಿದವರಿಗೆ ಇನ್ನೊಂದು ಪರೀಕ್ಷೆ. ಸ್ಟೀರಿಯೊದಿಂದ ಆಂಪ್‌ಗೆ ಹಾಡು ಒಯ್ಯುವ ಆರ್‌ಸಿಎ ಕೇಬಲಿನ ಎರಡು ಹಳೆಯ ಪಿನ್ ತೆಗೆದುಕೊಂಡು, ಪ್ರತಿಯೊಂದರ ನಡುಗಡ್ಡಿಯನ್ನೂ ಹೊರಬಳೆಯನ್ನೂ ವೈರಿನಿಂದ ಬೆಸೆಯಿರಿ. ಎಲ್ಲ ಆಫ್ ಮಾಡಿ, ಆಂಪ್‌ಗೆ ಬರುವ ಆರ್‌ಸಿಎ ಕೇಬಲ್ ತೆಗೆದು ಅಲ್ಲಿ ಈ ಪಿನ್ ಹಾಕಿ (ಎಡಕ್ಕೊಂದು, ಬಲಕ್ಕೊಂದು), ಮತ್ತೆ ಆನ್ ಮಾಡಿ. ಸದ್ದು ಮಾಯವಾದರೆ ಆಂಪ್ ನಿರಪರಾಧಿ, ಅದಕ್ಕೆ ಬರುವ ಕೇಬಲ್ ಅಥವಾ ಸ್ಟೀರಿಯೊ ನೋಡಿ. ಸದ್ದು ಉಳಿದರೆ ಆಂಪ್‌ನ ಅರ್ತ್, ಪವರ್ ವೈರ್, ಇಲ್ಲವೇ ಬಾಡಿಗೆ ತಾಗುತ್ತಿರುವ ಸ್ಪೀಕರ್ ವೈರ್ ಕಾರಣ.

ನಾಲ್ಕನೆಯ ಹಂತ: ಅರ್ತ್

ನನ್ನನ್ನು ಕೇಳಿದರೆ ಹೊರಗಿನ ಅಂಗಡಿಯಲ್ಲಿ ಆಂಪ್ ಹಾಕಿಸಿದ ಕಾರಿನಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಕಾರಿನ ಬಾಡಿ ಪೂರ್ತಿ ನೆಗೆಟಿವ್ ನಿಜ, ಆದರೆ ಅದರ ಮೇಲಿರುವ ಬಣ್ಣ ಕರೆಂಟ್ ಬಿಡುವುದಿಲ್ಲ. ಅವಸರದ ಕೆಲಸದಲ್ಲಿ ಬಣ್ಣದ ಮೇಲೆಯೇ ಸ್ಕ್ರೂ ಬಿಗಿದರೆ ಕರೆಂಟ್ ಸ್ಕ್ರೂವಿನ ಎಳೆಗಳಿಂದಷ್ಟೇ ಹೇಗೋ ನುಸುಳುತ್ತದೆ. ಮಳೆಗಾಲ ಒಂದು ಕಳೆದರೆ ಅಲ್ಲೂ ತುಕ್ಕು.

ಆಂಪ್‌ನಿಂದ ಒಂದೂವರೆ ಅಡಿಯೊಳಗೆ ಗಟ್ಟಿಯಾದ ಬಾಡಿ ಲೋಹ ಹುಡುಕಿ. ಒಂದು ರೂಪಾಯಿ ನಾಣ್ಯದಗಲ ಬಣ್ಣ ಉಜ್ಜಿ ಲೋಹ ಹೊಳೆಯುವಂತೆ ಮಾಡಿ. ವೈರಿನ ತುದಿಗೆ ಲಗ್ ಒತ್ತಿ, ಹಲ್ಲಿರುವ ವಾಷರ್ ಹಾಕಿ, ಬೋಲ್ಟ್-ನಟ್‌ನಿಂದ ಬಿಗಿದು, ಮೇಲೆ ತುಕ್ಕು ಹಿಡಿಯದಂತೆ ಗ್ರೀಸ್ ಸವರಿ. ಅರ್ತ್ ವೈರ್ ಪವರ್ ವೈರಿನಷ್ಟೇ ದಪ್ಪವಿರಬೇಕು. ಸೀಟ್ ಬೆಲ್ಟಿನ ಬೋಲ್ಟ್ ಕೈಗೆ ಸುಲಭವಾಗಿ ಸಿಗುತ್ತದೆಂದು ಅದಕ್ಕೆ ಬಿಗಿಯಬೇಡಿ, ಅದು ಪ್ರಾಣ ಕಾಯುವ ಬೋಲ್ಟ್. ಡ್ರಿಲ್ ಮಾಡುವಾಗ ಕೆಳಗೆ ಪೆಟ್ರೋಲ್ ಟ್ಯಾಂಕ್ ಇಲ್ಲವೆಂದು ಬಗ್ಗಿ ನೋಡಿಕೊಳ್ಳಿ.

ಕೆಲಸ ಸರಿಯಾಯಿತೇ ಎಂದು ಮೀಟರ್ ಹೇಳುತ್ತದೆ. ಡಿಸಿಗೆ ಇಟ್ಟು ಒಂದು ಕಡ್ಡಿ ಆಂಪ್‌ನ ಅರ್ತ್ ಟರ್ಮಿನಲ್ಲಿಗೆ, ಇನ್ನೊಂದು ಕಡ್ಡಿಯನ್ನು ಉದ್ದ ವೈರಿನ ಸಹಾಯದಿಂದ ಬ್ಯಾಟರಿಯ ನೆಗೆಟಿವ್‌ಗೆ ಮುಟ್ಟಿಸಿ, ಎಂಜಿನ್ ಓಡಿಸುತ್ತ ಜೋರಾಗಿ ಹಾಡು ಹಾಕಿ. 0.2 ವೋಲ್ಟ್ ಮೀರಿದರೆ ಅರ್ತ್ ಇನ್ನೂ ಸರಿಯಿಲ್ಲ. ಬ್ಯಾಟರಿಯಿಂದ ಬಾಡಿಗೆ, ಬಾಡಿಯಿಂದ ಎಂಜಿನ್ನಿಗೆ ಹೋಗುವ ಕಪ್ಪು ಪಟ್ಟಿಗಳನ್ನೂ ನೋಡಿ.

ಒಂದು ಎಚ್ಚರಿಕೆ. ಆರ್‌ಸಿಎ ಸಿಕ್ಕಿಸಿಕೊಂಡೇ ಆಂಪ್‌ನ ಅರ್ತ್ ಬಿಚ್ಚಿದರೆ, ಕರೆಂಟ್ ಬೇರೆ ದಾರಿಯಿಲ್ಲದೆ ಆರ್‌ಸಿಎಯ ಹೊರಹೊದಿಕೆಯಿಂದ ಸ್ಟೀರಿಯೊಗೆ ನುಗ್ಗುತ್ತದೆ. ಕೆಲವು ಸ್ಟೀರಿಯೊಗಳ ಒಳಗೆ ಇದಕ್ಕೆಂದೇ ಅಕ್ಕಿಕಾಳಿನಷ್ಟು ಫ್ಯೂಸ್ ಇದ್ದು ಅದು ಸುಟ್ಟುಹೋಗುತ್ತದೆ. ಅಂದಿನಿಂದ ‘ಸುಂಯ್’ ಶಾಶ್ವತ. ಸಂಶಯವಿದ್ದರೆ ಸ್ಟೀರಿಯೊದ ಹಿಂದಿನ ಆರ್‌ಸಿಎ ಹೊರಬಳೆಯಿಂದ ಅದರದೇ ಲೋಹದ ಪೆಟ್ಟಿಗೆಗೆ ತುಂಡು ವೈರ್ ಮುಟ್ಟಿಸಿ. ಸದ್ದು ನಿಂತರೆ ಆ ಫ್ಯೂಸ್ ಹೋಗಿದೆ.

ಐದನೆಯ ಹಂತ: ವೈರ್ ಓಡಿರುವ ದಾರಿ

ಪವರ್ ವೈರ್ ಒಂದು ಪಕ್ಕ, ಆರ್‌ಸಿಎ ಇನ್ನೊಂದು ಪಕ್ಕ ಓಡಬೇಕು. ಎರಡನ್ನೂ ಒಂದೇ ಟೇಪಿನಲ್ಲಿ ಸುತ್ತಿ ಡೋರ್ ಬದಿಯಲ್ಲಿ ತುರುಕಿದ್ದರೆ ಬೇರೆ ಮಾಡಿ. ದಾಟಲೇಬೇಕಾದ ಕಡೆ ಪ್ಲಸ್ ಚಿಹ್ನೆಯಂತೆ ಅಡ್ಡ ದಾಟಿಸಿ. ಪವರ್ ವೈರಿಗೆ ಬ್ಯಾಟರಿಯ ಒಂದೂವರೆ ಅಡಿಯೊಳಗೆ ಫ್ಯೂಸ್ ಇಲ್ಲದಿದ್ದರೆ ಸದ್ದಿನ ವಿಚಾರ ಆಮೇಲೆ, ಮೊದಲು ಅದನ್ನು ಹಾಕಿಸಿ. ವೈರ್ ಕೊಳ್ಳುವಾಗ ತುದಿಯನ್ನು ಬ್ಲೇಡಿನಿಂದ ಕೆರೆದು ನೋಡಿ. ತಾಮ್ರದ ಬಣ್ಣದ ಕೆಳಗೆ ಬಿಳಿ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅಷ್ಟೇ ದಪ್ಪದ ತಾಮ್ರದಷ್ಟು ಕರೆಂಟ್ ಅದು ಹೊರಲಾರದು.

ಆರನೆಯ ಹಂತ: ಡೈನಮೊ ಆರೋಗ್ಯ

ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಸುತ್ತಮುತ್ತ, ಓಡುವ ಎಂಜಿನ್ನಿನಲ್ಲಿ ಸಾಮಾನ್ಯವಾಗಿ 13.8ರಿಂದ 14.4 ತೋರಿಸಬೇಕು. 15 ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಹೊಸ ಕಾರುಗಳಲ್ಲಿ ಕಂಪ್ಯೂಟರೇ ವೋಲ್ಟೇಜ್ ಏರಿಳಿಸುವುದರಿಂದ ಹೆಡ್‌ಲೈಟ್ ಹಾಕಿಕೊಂಡು ಅಳೆಯಿರಿ. ಡಯೋಡ್ ಹೋಗಿದೆಯೇ ಎಂದು ನೋಡಲು ಮೀಟರನ್ನು ಎಸಿಗೆ ಇಟ್ಟು ಬ್ಯಾಟರಿಯ ಮೇಲೆ ಅಳೆಯಬೇಕು. 50 ಮಿಲಿವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ, ಅರ್ಧ ವೋಲ್ಟ್‌ನ ಹತ್ತಿರ ಬಂದರೆ ಡೈನಮೊ ಬಿಚ್ಚಿಸಬೇಕು. ಆದರೆ ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಅಗ್ಗಕ್ಕೆ ಸಿಗುವ ಹಳದಿ ಮೀಟರಿಗೆ ಎಸಿಯಲ್ಲಿ 200 ವೋಲ್ಟ್‌ಗಿಂತ ಚಿಕ್ಕ ರೇಂಜ್ ಇರುವುದಿಲ್ಲ. ಮೇಲಾಗಿ ಬರೀ ಬ್ಯಾಟರಿಗೆ ಹಿಡಿದರೂ ಅದು ಎಸಿಯಲ್ಲಿ 25-30 ವೋಲ್ಟ್ ಎಂದು ಸುಳ್ಳು ಹೇಳುತ್ತದೆ. ಅದನ್ನು ನಂಬಿ ಡೈನಮೊ ಬದಲಿಸಿಬಿಟ್ಟೀರಿ! ಈ ಪರೀಕ್ಷೆ ಮಾತ್ರ ಒಳ್ಳೆಯ ಮೀಟರ್ ಇರುವ ಆಟೊ ಎಲೆಕ್ಟ್ರಿಷಿಯನ್ ಹತ್ತಿರವೇ ಆಗಲಿ.

ಎಫ್‌ಎಂನಲ್ಲಿ ಮಾತ್ರ ಗಲಾಟೆ ಇದ್ದರೆ

ಬ್ಲೂಟೂತ್ ಶುದ್ಧ, ರೇಡಿಯೊ ಮಾತ್ರ ಚಟಪಟ ಎನ್ನುತ್ತದೆಯೇ? ಸ್ಟೀರಿಯೊದ ಹಿಂದಿನ ಆಂಟೆನಾ ಪಿನ್ ಕಿತ್ತು ನೋಡಿ. ಚಟಪಟ ನಿಂತರೆ ಗಲಾಟೆ ಗಾಳಿಯಲ್ಲಿ ಬರುತ್ತಿದೆ. ಅಗ್ಗದ ಚಾರ್ಜರ್, ಡ್ಯಾಶ್‌ಕ್ಯಾಮ್, ಹೊಸದಾಗಿ ಹಾಕಿಸಿದ ಎಲ್‌ಇಡಿ ಹೆಡ್‌ಲೈಟ್ ಮೂರರಲ್ಲೊಂದು ಇರಬಹುದು. ಬೆಂಗಳೂರಿನವರಾದರೆ 101.3ರ ರೇನ್‌ಬೊ ಹಾಕಿಕೊಂಡು ಒಂದೊಂದನ್ನೇ ಆರಿಸಿ ಕೇಳಿ. ಹೊಸ ಸ್ಟೀರಿಯೊ ಹಾಕಿಸಿದ ಮೇಲೆ ಸ್ಟೇಷನ್ನೇ ಸರಿಯಾಗಿ ಸಿಗುತ್ತಿಲ್ಲವಾದರೆ ನೀಲಿ ವೈರ್ ನೋಡಿ. ಛಾವಣಿಯ ಮೇಲಿನ ಗಿಡ್ಡ ಆಂಟೆನಾದ ಬುಡದಲ್ಲಿ ಹಲವು ಕಾರುಗಳಲ್ಲಿ ಸಣ್ಣ ಬೂಸ್ಟರ್ ಇರುತ್ತದೆ. ಅದಕ್ಕೆ ಕರೆಂಟ್ ಕೊಡುವ ಆ ವೈರನ್ನು ಸೇರಿಸದೆ ಬಿಟ್ಟಿರುವುದುಂಟು. ಹಳೆಯ ಪೆಟ್ರೋಲ್ ಕಾರಿನಲ್ಲಿ ‘ಟಿಕ್ ಟಿಕ್’ ಇದ್ದರೆ ಪ್ಲಗ್ ಮೇಲೆ ‘ಆರ್’ ಅಕ್ಷರವಿರುವ ರೆಸಿಸ್ಟರ್ ಮಾದರಿಯೇ ಇದೆಯೇ, ಪ್ಲಗ್ ವೈರ್ ಸೀಳಿದೆಯೇ ನೋಡಿಸಿ.

ಗೇನ್, ಕೊನೆಗೆ ಫಿಲ್ಟರ್

ಬುಸುಗುಟ್ಟುವಿಕೆಗೆ ಮದ್ದು ಬಿಟ್ಟಿಯದು. ಗೇನ್ ಎಂದರೆ ವಾಲ್ಯೂಮ್ ಅಲ್ಲ. ಆಂಪ್‌ನ ಗೇನ್ ಪೂರ್ತಿ ಇಳಿಸಿ, ಸ್ಟೀರಿಯೊ ವಾಲ್ಯೂಮನ್ನು ಮುಕ್ಕಾಲಿಗೆ ಇಟ್ಟು, ಗೇನನ್ನು ಮೆಲ್ಲಗೆ ಏರಿಸುತ್ತ ಹಾಡು ಒಡೆಯುವ ಮುಂಚೆ ನಿಲ್ಲಿಸಿ.

ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ಸಿಗುತ್ತದೆ. ಒಳಗೆ ಎರಡು ಟ್ರಾನ್ಸ್‌ಫಾರ್ಮರ್, ಹಾಡನ್ನು ದಾಟಿಸಿ ಅರ್ತನ್ನು ತಡೆಯುತ್ತವೆ. ಆಕ್ಸ್‌ನ ಸಮಸ್ಯೆಗೆ ಇದು ನಿಜಕ್ಕೂ ಕೆಲಸ ಮಾಡುತ್ತದೆ. ಅಗ್ಗದ್ದಾದರೆ ಜೊತೆಗೆ ಬಾಸನ್ನೂ ಸ್ವಲ್ಪ ತಿಂದುಹಾಕುತ್ತದೆ. ಆದರೆ ಕೆಟ್ಟ ಅರ್ತ್ ಮೇಲೆ ಇದನ್ನು ಹಾಕುವುದು ಮಾಡು ಸೋರುವಾಗ ಕೆಳಗೆ ಬಕೆಟ್ ಇಟ್ಟ ಹಾಗೆ.

ಇಷ್ಟಾದರೂ ಬಗೆಹರಿಯದಿದ್ದರೆ ಅಂಗಡಿಗೆ ಹೋಗಿ, ಆದರೆ ‘ಸೌಂಡ್ ಬರ್ತಾ ಇದೆ, ನೋಡಿ’ ಎಂದಷ್ಟೇ ಹೇಳಿ ಕೀಲಿ ಕೊಡಬೇಡಿ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಎಂಜಿನ್ ಆಫ್ ಇದ್ದಾಗ ಇಲ್ಲ, ರೇಸಿಗೆ ಏರುತ್ತದೆ, ವಾಲ್ಯೂಮ್ ಸೊನ್ನೆಯಲ್ಲೂ ಇದೆ, ಚಾರ್ಜರ್ ತೆಗೆದರೂ ಹೋಗಲಿಲ್ಲ, ಹಿಂದಿನ ಎಡ ಸ್ಪೀಕರಿನಲ್ಲಿ ಹೆಚ್ಚು. ಕೆಲಸ ಬಲ್ಲವನು ಆ ಚೀಟಿ ಓದಿ ನೇರವಾಗಿ ಡಿಕ್ಕಿ ತೆಗೆಯುತ್ತಾನೆ. ಚೀಟಿ ಪಕ್ಕಕ್ಕಿಟ್ಟು ‘ಹೊಸ ಸೆಟ್ ಹಾಕಿಸಿಬಿಡಿ ಸಾರ್’ ಎಂದರೆ ಕೀಲಿ ವಾಪಸ್ ಇಸಿದುಕೊಳ್ಳಿ.