ಮರಗೆಲಸದ ಯಂತ್ರಗಳಲ್ಲಿ ನಿರ್ವಾತ ಹಿಡಿತ: ತತ್ವ, ಲೆಕ್ಕ ಮತ್ತು ಸುರಕ್ಷತೆ

(ಗ್ರಾಮೀಣ ಮರಗೆಲಸ ಘಟಕಗಳು, ಸ್ವಸಹಾಯ ಸಂಘಗಳ ಉತ್ಪಾದನಾ ಕೇಂದ್ರಗಳು ಹಾಗೂ ಕೌಶಲ್ಯ ತರಬೇತಿಯ ಅಭ್ಯರ್ಥಿಗಳ ಉಪಯೋಗಕ್ಕಾಗಿ)

ಪೀಠಿಕೆ

ಬಾಗಿಲ ಕೆತ್ತನೆ, ನಾಮಫಲಕ, ಕಪಾಟಿನ ಹಲಗೆ ಮೊದಲಾದ ಕೆಲಸಗಳಿಗೆ ಸಿಎನ್‌ಸಿ ರೂಟರ್ ಯಂತ್ರಗಳು ಬಳಕೆಗೆ ಬಂದಿವೆ. ಇಂತಹ ಯಂತ್ರದಲ್ಲಿ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಕಟ್ಟರ್ ಹಲಗೆಯ ಮೇಲೆ ಎಲ್ಲ ದಿಕ್ಕಿಗೂ ಚಲಿಸುತ್ತದೆ. ಹಲಗೆಯನ್ನು ತಿರುಪುಮೊಳೆ ಅಥವಾ ಕಬ್ಬಿಣದ ಕ್ಲಾಂಪ್‌ನಿಂದ ಬಿಗಿದರೆ ಆ ಬಿಗಿತವೇ ಕಟ್ಟರ್‌ನ ದಾರಿಗೆ ಅಡ್ಡವಾಗುತ್ತದೆ. ಮರದ ಮೇಲೆ ಗುರುತು ಉಳಿಯುತ್ತದೆ. ಪ್ರತಿ ಹಲಗೆಗೂ ಬಿಗಿಯುವ, ಬಿಚ್ಚುವ ಸಮಯ ವ್ಯರ್ಥವಾಗುತ್ತದೆ. ಇದಕ್ಕೆ ಪರಿಹಾರವಾಗಿ ಹಲಗೆಯ ಅಡಿಯ ಗಾಳಿಯನ್ನು ಪಂಪ್‌ನಿಂದ ಹೊರತೆಗೆದು ಅದನ್ನು ಮೇಜಿಗೆ ಹಿಡಿದಿಡುವ ಕ್ರಮವಿದೆ. ಇದನ್ನು ನಿರ್ವಾತ ಹಿಡಿತ ಅಥವಾ ವ್ಯಾಕ್ಯೂಮ್ ಕ್ಲಾಂಪ್ ಎನ್ನಲಾಗುತ್ತದೆ.

ಈ ಹಿಡಿತವು ಕಣ್ಣಿಗೆ ಕಾಣುವುದಿಲ್ಲ. ಕಬ್ಬಿಣದ ಕ್ಲಾಂಪ್ ಸಡಿಲವಾದರೆ ಕೈಗೆ ತಿಳಿಯುತ್ತದೆ. ನಿರ್ವಾತ ಸಡಿಲವಾದುದು ಗೇಜಿನ ಮುಳ್ಳಿನಲ್ಲಿ ಮಾತ್ರ ತಿಳಿಯುತ್ತದೆ. ಮುಳ್ಳನ್ನು ಗಮನಿಸದಿದ್ದಲ್ಲಿ ಹಲಗೆ ಸಿಡಿದು ಕೆಲಸಗಾರನ ಮುಖಕ್ಕೋ ಹೊಟ್ಟೆಗೋ ಬಡಿದಾಗಲೇ ತಿಳಿಯುವ ಅಪಾಯವಿದೆ. ಆದುದರಿಂದ ಯಂತ್ರ ಕೊಳ್ಳುವ ಮೊದಲು ಹಾಗೂ ನಡೆಸುವ ಮೊದಲು ಇದರ ತತ್ವವನ್ನೂ ಲೆಕ್ಕವನ್ನೂ ಅರಿತಿರುವುದು ಅವಶ್ಯಕ.

1. ತತ್ವ

ನಿರ್ವಾತವು ಹಲಗೆಯನ್ನು ಕೆಳಕ್ಕೆ ಎಳೆಯುತ್ತದೆ ಎಂಬ ತಿಳಿವಳಿಕೆ ಸಾಮಾನ್ಯ. ವಾಸ್ತವವಾಗಿ ನಿರ್ವಾತ ಏನನ್ನೂ ಎಳೆಯುವುದಿಲ್ಲ. ಹಲಗೆಯನ್ನು ಮೇಲಿನಿಂದ ಒತ್ತುವುದು ವಾಯುಮಂಡಲ. ನಮ್ಮ ಸುತ್ತಲಿನ ಗಾಳಿಯು ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1 ಕೆ.ಜಿ. ಭಾರದಷ್ಟು ಒತ್ತಡ ಹಾಕುತ್ತದೆ. ಮೇಲೂ ಕೆಳಗೂ ಗಾಳಿಯಿರುವಾಗ ಎರಡು ಒತ್ತಡಗಳೂ ಸಮನಾಗಿ ಹಲಗೆ ಸುಮ್ಮನೆ ಕುಳಿತಿರುತ್ತದೆ. ಕೆಳಗಿನ ಗಾಳಿಯನ್ನು ತೆಗೆದೊಡನೆ ಮೇಲಿನ ಒತ್ತಡವಷ್ಟೇ ಉಳಿದು ಹಲಗೆ ಮೇಜಿಗೆ ಅಂಟಿದಂತಾಗುತ್ತದೆ.

ಗಾಳಿಯ ಈ ಒತ್ತಡವನ್ನು 1643ರಲ್ಲಿ ಇಟಲಿಯ ಟೊರಿಚೆಲ್ಲಿಯವರು ಪಾದರಸದ ಕೊಳವೆಯಿಂದ ತೋರಿಸಿದರು. ಸಮುದ್ರಮಟ್ಟದಲ್ಲಿ ಅದು ಸುಮಾರು 760 ಮಿ.ಮೀ. ಎತ್ತರದ ಪಾದರಸವನ್ನು ಎತ್ತಿ ಹಿಡಿಯುತ್ತದೆ. ಇಂದಿಗೂ ಅನೇಕ ನಿರ್ವಾತ ಗೇಜುಗಳ ಮೇಲೆ ಪಾದರಸದ ಮಿಲಿಮೀಟರಿನ ಅಳತೆಯೇ ಇರುತ್ತದೆ.

ಇಲ್ಲಿ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಎತ್ತರದ ಊರುಗಳಲ್ಲಿ ಗಾಳಿಯ ಒತ್ತಡ ಕಡಿಮೆ. ಮಂಗಳೂರಿನಂತಹ ಕರಾವಳಿಯ ಊರಿನಲ್ಲಿ ಗೇಜು ಗರಿಷ್ಠ 760 ಮಿ.ಮೀ. ತನಕ ತೋರಿಸಬಲ್ಲದು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಸುತ್ತಮುತ್ತ ಆ ಮಿತಿ ಸುಮಾರು 680. ಅದಕ್ಕಿಂತ ಎತ್ತರದ ಮಡಿಕೇರಿಯಲ್ಲಿ ಸುಮಾರು 660. ಎಷ್ಟೇ ಬೆಲೆಯ ಪಂಪ್ ತಂದರೂ ಈ ಮಿತಿಯನ್ನು ದಾಟಲಾಗದು. ಮಲೆನಾಡಿನ ಘಟಕದಲ್ಲಿ ಗೇಜು 600 ತೋರಿಸಿದರೆ ಪಂಪ್ ಕೆಟ್ಟಿದೆ ಎಂದು ಭಾವಿಸಬೇಕಾಗಿಲ್ಲ.

2. ಹಿಡಿತದ ಲೆಕ್ಕ

ಹಿಡಿತದ ಬಲ ಎರಡು ಸಂಗತಿಗಳನ್ನು ಅವಲಂಬಿಸಿದೆ: ಗೇಜು ತೋರಿಸುವ ನಿರ್ವಾತ ಮತ್ತು ರಬ್ಬರ್ ಪಟ್ಟಿಯ ಒಳಗೆ ಸೇರಿದ ವಿಸ್ತೀರ್ಣ. ಹಲಗೆಯ ಒಟ್ಟು ವಿಸ್ತೀರ್ಣವಲ್ಲ, ಪಟ್ಟಿಯ ಒಳಗಿನ ವಿಸ್ತೀರ್ಣ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಗೇಜಿನ ಮಿಲಿಮೀಟರ್ ಅಂಕಿಯನ್ನು 736ರಿಂದ ಭಾಗಿಸಿದರೆ ಪ್ರತಿ ಚದರ ಸೆಂ.ಮೀ.ಗೆ ಎಷ್ಟು ಕೆ.ಜಿ. ಎಂಬುದು ದೊರೆಯುತ್ತದೆ. ಅದನ್ನು ವಿಸ್ತೀರ್ಣದಿಂದ ಗುಣಿಸಿದರೆ ಕೆಳಮುಖವಾಗಿ ಒತ್ತುವ ಒಟ್ಟು ಬಲ ಸಿಗುತ್ತದೆ. ಗೇಜು 442 ಮಿ.ಮೀ. ತೋರಿಸುತ್ತಿದ್ದರೆ ಚದರ ಸೆಂ.ಮೀ.ಗೆ ಸುಮಾರು 0.6 ಕೆ.ಜಿ. ಆಗುತ್ತದೆ. ಈ ಆಧಾರದ ಮೇಲೆ ಮೂರು ಉದಾಹರಣೆಗಳನ್ನು ನೋಡಬಹುದು.

ಅ) ಕಪಾಟಿನ ಬಾಗಿಲು, ಪಟ್ಟಿಯ ಒಳಗೆ 50 × 35 ಸೆಂ.ಮೀ.: ವಿಸ್ತೀರ್ಣ 1750 ಚದರ ಸೆಂ.ಮೀ., ಬಲ 1050 ಕೆ.ಜಿ.
ಆ) ನಾಮಫಲಕ, 20 × 10 ಸೆಂ.ಮೀ.: ವಿಸ್ತೀರ್ಣ 200 ಚದರ ಸೆಂ.ಮೀ., ಬಲ 120 ಕೆ.ಜಿ.
ಇ) ಆಟಿಕೆಯ ಚಕ್ರ, ವ್ಯಾಸ 4 ಸೆಂ.ಮೀ.: ವಿಸ್ತೀರ್ಣ ಸುಮಾರು 12.5 ಚದರ ಸೆಂ.ಮೀ., ಬಲ ಸುಮಾರು 7.5 ಕೆ.ಜಿ.

ಆದರೆ ಕಟ್ಟರ್ ಹಲಗೆಯನ್ನು ಮುಖ್ಯವಾಗಿ ಪಕ್ಕಕ್ಕೆ ತಳ್ಳುತ್ತದೆ. ಪಕ್ಕದ ತಳ್ಳುವಿಕೆಯನ್ನು ತಡೆಯುವುದು ಹಲಗೆಗೂ ಮೇಜಿಗೂ ನಡುವಿನ ಘರ್ಷಣೆ. ಸುರಕ್ಷಿತ ಲೆಕ್ಕಕ್ಕಾಗಿ ಒಟ್ಟು ಬಲದ ಹತ್ತರಲ್ಲಿ ಮೂರು ಭಾಗವನ್ನು ಮಾತ್ರ ಪಕ್ಕದ ಹಿಡಿತವೆಂದು ಎಣಿಸುವುದು ಒಳಿತು. ಹಾಗೆ ನೋಡಿದರೆ ಕಪಾಟಿನ ಬಾಗಿಲಿಗೆ 315 ಕೆ.ಜಿ., ನಾಮಫಲಕಕ್ಕೆ 36 ಕೆ.ಜಿ. ಹಿಡಿತವಿದೆ, ಚಕ್ರಕ್ಕೆ ಉಳಿಯುವುದು ಎರಡು ಕೆ.ಜಿ.ಯಿಂದ ತುಸು ಹೆಚ್ಚು ಮಾತ್ರ. ಕೈಬೆರಳಿನಿಂದ ತಳ್ಳಿದರೂ ಸರಿಯುವ ಈ ತುಂಡಿನ ಮೇಲೆ ಕಟ್ಟರ್ ಇಳಿಸುವುದು ಸರಿಯಲ್ಲ. ಮೇಜಿನ ಮೇಲೆ ಮರದ ಹೊಟ್ಟು ಹರಡಿದ್ದರೆ ಘರ್ಷಣೆ ಇನ್ನೂ ಕುಗ್ಗುತ್ತದೆ. ಆದುದರಿಂದ ಪ್ರತಿ ಹಲಗೆ ಇಡುವ ಮೊದಲು ಮೇಜನ್ನು ಗುಡಿಸಿ ಒರೆಸಬೇಕು. ಪಕ್ಕಕ್ಕೆ ಸರಿಯದಂತೆ ಎರಡು ಬದಿಗೆ ಗೂಟ ಅಥವಾ ಅಡ್ಡಪಟ್ಟಿ ಕೊಡುವುದು ಉತ್ತಮ.

3. ಯಾವ ಕೆಲಸಕ್ಕೆ ಯೋಗ್ಯ

ಮೇಲಿನ ಲೆಕ್ಕದಿಂದ ಸ್ಪಷ್ಟವಾಗುವುದೇನೆಂದರೆ, ನಿರ್ವಾತ ಹಿಡಿತವು ಅಗಲವಾದ, ಚಪ್ಪಟೆಯಾದ ತುಂಡುಗಳಿಗೆ ಒಪ್ಪುತ್ತದೆ. ಮೈಸೂರಿನ ಬೀಟೆಮರದ ಇನ್‌ಲೇ ಕೆಲಸವನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಹಿನ್ನೆಲೆಯ ಅಗಲ ಹಲಗೆಯನ್ನು ಈ ವಿಧಾನದಲ್ಲಿ ಗುರುತು ಬೀಳದಂತೆ ಹಿಡಿಯಬಹುದು. ಅದರೊಳಗೆ ಕೂರಿಸುವ ಚಿಕ್ಕ ಬಣ್ಣದ ಮರದ ಚೂರುಗಳನ್ನು ಹಿಡಿಯಲಾಗದು. ಚನ್ನಪಟ್ಟಣದ ಆಟಿಕೆಗಳಿಗೆ ಬಳಸುವ ಆಲೆಮರದ ಸಣ್ಣ ತುಂಡುಗಳನ್ನು ಲೇತ್‌ನ ಹಿಡಿಯೊಳಗೆ ಬಡಿದು ಕೂರಿಸಿ ಕಡೆಯುವ ರೂಢಿಯೇ ಆ ಕೆಲಸಕ್ಕೆ ತಕ್ಕುದು. ಹಳೆಯ ವಿಧಾನವಿದ್ದಲ್ಲೆಲ್ಲ ಹೊಸ ಯಂತ್ರ ಬೇಕೆಂಬ ನಿಯಮವಿಲ್ಲ.

ಲೇತ್‌ನಲ್ಲಿ ನಿರ್ವಾತವು ಉಪಯೋಗಕ್ಕೆ ಬರುವುದು ಬಟ್ಟಲು, ತಟ್ಟೆಗಳ ತಳವನ್ನು ಕೊನೆಗೆ ನಯಗೊಳಿಸುವಾಗ. ಬಟ್ಟಲನ್ನು ಬೋರಲಾಗಿ ರಬ್ಬರ್ ಅಂಚಿನ ಹಿಡಿಗೆ ಒತ್ತಿ, ಟೊಳ್ಳು ಸ್ಪಿಂಡಲ್ ಮೂಲಕ ಗಾಳಿ ತೆಗೆಯಲಾಗುತ್ತದೆ. 20 ಸೆಂ.ಮೀ. ವ್ಯಾಸದ ಹಿಡಿಯಲ್ಲಿ ಪೂರ್ಣ ನಿರ್ವಾತ ಕೊಟ್ಟರೆ 250 ಕೆ.ಜಿ. ಮೀರಿದ ಭಾರ ಬಟ್ಟಲಿನ ತಳದ ಮೇಲೆ ಬೀಳುತ್ತದೆ. ತೆಳುವಾಗಿ ಕಡೆದ ಬಟ್ಟಲು ಒಳಕ್ಕೆ ಕುಸಿದು ಒಡೆಯಬಹುದು. ಇಲ್ಲಿ ಗಾಳಿ ಬಿಡುವ ವಾಲ್ವ್‌ನಿಂದ ನಿರ್ವಾತವನ್ನು ತಗ್ಗಿಸಿಕೊಳ್ಳಬೇಕು.

4. ಮೇಜು ಮತ್ತು ಪಂಪ್

ಮೇಜುಗಳಲ್ಲಿ ಎರಡು ಬಗೆ ಪ್ರಚಲಿತವಾಗಿವೆ. ಮೊದಲನೆಯದು ಚೌಕುಳಿ ಗಾಡಿಗಳಿರುವ ಮೇಜು. ತುಂಡಿನ ಆಕಾರಕ್ಕೆ ಸರಿಯಾಗಿ ಗಾಡಿಗಳಲ್ಲಿ ರಬ್ಬರ್ ಹುರಿ ಕೂರಿಸಿ ಅದರೊಳಗಿನ ಗಾಳಿ ತೆಗೆಯಲಾಗುತ್ತದೆ. ಸೋರಿಕೆ ಕಡಿಮೆಯಾದುದರಿಂದ ಸಣ್ಣ ಪಂಪ್ ಸಾಕು, ನಿರ್ವಾತವೂ ಆಳವಾಗಿರುತ್ತದೆ. ಎರಡನೆಯದರಲ್ಲಿ ಮೇಜಿನ ಮೇಲೆ ಎಂಡಿಎಫ್ ಹಲಗೆ ಹಾಸಿ, ಅದರ ಸೂಕ್ಷ್ಮ ರಂಧ್ರಗಳ ಮೂಲಕವೇ ಗಾಳಿ ಎಳೆಯಲಾಗುತ್ತದೆ. ಎಂಡಿಎಫ್‌ನ ಎರಡೂ ಮೇಲ್ಮೈಗಳು ಗಟ್ಟಿಯಾಗಿರುವುದರಿಂದ ಅವನ್ನು ತೆಳುವಾಗಿ ಕೀಸಿ ತೆಗೆಯಬೇಕು; ನಾಲ್ಕು ಅಂಚುಗಳಿಗೆ ಬಣ್ಣ ಬಳಿದು ಸೋರಿಕೆ ತಡೆಯಬೇಕು; ಮುಚ್ಚದೆ ಉಳಿದ ಜಾಗವನ್ನು ಹಳೆಯ ಸನ್‌ಮೈಕ ಹಾಳೆಯಿಂದ ಮುಚ್ಚಬೇಕು. ಇಲ್ಲಿ ಸೋರಿಕೆ ಸಹಜವಾದುದರಿಂದ ಹೆಚ್ಚು ಗಾಳಿ ಸೆಳೆಯುವ ದೊಡ್ಡ ಬ್ಲೋವರ್ ಬೇಕಾಗುತ್ತದೆ. ವಿದ್ಯುತ್ ಖರ್ಚೂ ಅದಕ್ಕೆ ತಕ್ಕಂತೆ ಹೆಚ್ಚು. ಮಳೆಗಾಲದಲ್ಲಿ ಎಂಡಿಎಫ್ ತೇವ ಹೀರಿ ಉಬ್ಬುವುದರಿಂದ ಮತ್ತೆ ಸಮತಟ್ಟು ಮಾಡಿಕೊಳ್ಳಬೇಕು.

ಪಂಪ್ ಕೊಳ್ಳುವಾಗ ಅಶ್ವಶಕ್ತಿಯನ್ನಷ್ಟೇ ನೋಡದೆ, ಅದು ತಲುಪುವ ನಿರ್ವಾತವೆಷ್ಟು ಮತ್ತು ಗಂಟೆಗೆ ಸೆಳೆಯುವ ಗಾಳಿಯೆಷ್ಟು ಎಂಬ ಎರಡು ಅಂಕಿಗಳನ್ನು ಮಾರಾಟಗಾರರಿಂದ ಬರಹದಲ್ಲಿ ಪಡೆಯತಕ್ಕದ್ದು. ಪಂಪ್‌ಗೂ ಮೇಜಿಗೂ ನಡುವೆ ಫಿಲ್ಟರ್ ಇಲ್ಲದಿದ್ದರೆ ಮರದ ಪುಡಿ ಒಳಹೊಕ್ಕು ಪಂಪ್ ಬೇಗ ಸವೆಯುತ್ತದೆ.

5. ಮರದ ಗುಣ

ಮರವು ಕಬ್ಬಿಣದಂತಲ್ಲ; ಅದರೊಳಗೆ ಗಾಳಿ ಹರಿಯುತ್ತದೆ. ನಾರಿನ ಉದ್ದಕ್ಕೆ ಕತ್ತರಿಸಿದ ಹಲಗೆಯ ಮುಖದಲ್ಲಿ ಸೋರಿಕೆ ಕಡಿಮೆ. ಆದರೆ ಅಡ್ಡ ಕೊಯ್ದ ತುದಿಯಲ್ಲಿ ನಾರಿನ ರಂಧ್ರಗಳು ಹುಲ್ಲಿನ ಕಟ್ಟಿನಂತೆ ತೆರೆದಿರುತ್ತವೆ. ಅಲ್ಲಿ ಹಿಡಿತ ನಿಲ್ಲುವುದಿಲ್ಲ. ಗಂಟು, ಸೀಳು, ಹುಳು ಕೊರೆದ ತೂತು ಇವುಗಳಿಂದಲೂ ಗಾಳಿ ಸೋರುತ್ತದೆ. ಅಂತಹ ಕಡೆ ಅಗಲವಾದ ಅಂಟುಪಟ್ಟಿ ಹಚ್ಚಿ ಪರೀಕ್ಷಿಸಬೇಕು.

ಸೊಟ್ಟಗಾದ ಹಲಗೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ನಿರ್ವಾತವು ಸೊಟ್ಟ ಹಲಗೆಯನ್ನು ಬಲವಂತವಾಗಿ ಚಪ್ಪಟೆ ಮಾಡಿ ಹಿಡಿಯುತ್ತದೆ. ಆ ಸ್ಥಿತಿಯಲ್ಲಿ ಮೇಲ್ಮೈ ಸಮತಟ್ಟು ಮಾಡಿದರೆ, ಬಿಟ್ಟೊಡನೆ ಹಲಗೆ ತನ್ನ ಹಳೆಯ ಸೊಟ್ಟಿಗೆ ಮರಳುತ್ತದೆ. ಮಾಡಿದ ಕೆಲಸವೆಲ್ಲ ವ್ಯರ್ಥ. ಆದುದರಿಂದ ಒಂದು ಮುಖವನ್ನು ಮೊದಲು ತೋಪಡದಿಂದ ಸಮ ಮಾಡಿಕೊಂಡು, ಆ ಮುಖವನ್ನು ಕೆಳಗಿಟ್ಟು ಹಿಡಿಯಬೇಕು. ತೆಳು ಹಲಗೆಯ ಅಡಿಯಲ್ಲಿ ದೊಡ್ಡ ಟೊಳ್ಳು ಉಳಿದರೂ ಅದು ಒಳಕ್ಕೆ ಬಾಗಿ ಕೆತ್ತನೆಯ ಆಳ ಏರುಪೇರಾಗುತ್ತದೆ. ನಡುನಡುವೆ ಆಧಾರ ಕೊಡಬೇಕು.

6. ಕತ್ತರಿಸುವ ಕ್ರಮ

ದೊಡ್ಡ ಹಾಳೆಯಿಂದ ಅನೇಕ ತುಂಡು ಕತ್ತರಿಸುವಾಗ ಆರಂಭದಲ್ಲಿದ್ದ ಹಿಡಿತ ಕೊನೆಯ ತನಕ ಉಳಿಯುವುದಿಲ್ಲ. ತುಂಡು ಬೇರ್ಪಟ್ಟ ಕ್ಷಣದಿಂದ ಅದರ ಸ್ವಂತ ವಿಸ್ತೀರ್ಣವೇ ಅದರ ಹಿಡಿತ. ಜೊತೆಗೆ ಕೊಯ್ದ ಸಂದಿನಿಂದ ಗಾಳಿಯೂ ನುಗ್ಗುತ್ತದೆ. ಆದಕಾರಣ ಹಾಳೆ ಇಡಿಯಾಗಿರುವಾಗಲೇ ಸಣ್ಣ ತುಂಡುಗಳನ್ನು ಮೊದಲು ಕತ್ತರಿಸಿ, ದೊಡ್ಡವನ್ನು ಕೊನೆಗೆ ಇಟ್ಟುಕೊಳ್ಳಬೇಕು. ಮೊದಲ ಸುತ್ತಿನಲ್ಲಿ ತಳದಲ್ಲಿ ಅರ್ಧ ಮಿ.ಮೀ.ನಷ್ಟು ತೆಳು ಪದರ ಉಳಿಸಿ, ಎರಡನೆಯ ಹಗುರ ಸುತ್ತಿನಲ್ಲಿ ಅದನ್ನು ತೆಗೆಯಬಹುದು. ಪರ್ಯಾಯವಾಗಿ ನಾಲ್ಕಾರು ಕಡೆ ಸಣ್ಣ ಕೊಂಡಿ ಉಳಿಸಿ, ಆಮೇಲೆ ಉಳಿಯಿಂದ ಬಿಡಿಸಬಹುದು. ಪುಡಿಯನ್ನು ಮೇಲಕ್ಕೆ ಎತ್ತುವ ಸುರುಳಿ ಕಟ್ಟರ್ ಹಲಗೆಯನ್ನೂ ಮೇಲಕ್ಕೆ ಎತ್ತುತ್ತದೆ. ತೆಳು ಹಾಳೆಗಳಿಗೆ ಕೆಳಕ್ಕೆ ಒತ್ತುವ ಸುರುಳಿಯ ಕಟ್ಟರ್ ಯೋಗ್ಯ.

7. ವಿದ್ಯುತ್ ನಿಂತಾಗ

ಗ್ರಾಮೀಣ ಘಟಕಗಳಿಗೆ ಇದು ಅತ್ಯಂತ ಮುಖ್ಯವಾದ ಭಾಗ. ವಿದ್ಯುತ್ ನಿಂತ ಕ್ಷಣದಲ್ಲಿ ಪಂಪ್ ನಿಲ್ಲುತ್ತದೆ; ಆದರೆ ಕಟ್ಟರ್ ತನ್ನ ವೇಗದಿಂದ ಇನ್ನೂ ತಿರುಗುತ್ತಿರುತ್ತದೆ. ಹಿಡಿತ ಹೋದ ಹಲಗೆ, ತಿರುಗುತ್ತಿರುವ ಕಟ್ಟರ್ ಎರಡೂ ಒಟ್ಟಿಗೆ ಇರುವ ಆ ಕೆಲವು ಕ್ಷಣಗಳೇ ಅಪಾಯಕಾರಿ. ಆದುದರಿಂದ ಈ ಕೆಳಗಿನ ವ್ಯವಸ್ಥೆಗಳನ್ನು ಕಡ್ಡಾಯವಾಗಿ ಮಾಡಿಕೊಳ್ಳತಕ್ಕದ್ದು.

ಅ) ಪಂಪ್‌ಗೂ ಮೇಜಿಗೂ ನಡುವೆ ಗಾಳಿ ಹಿಂದಿರುಗದಂತೆ ತಡೆಯುವ ವಾಲ್ವ್ ಹಾಗೂ ವಾಲ್ವ್‌ನಿಂದ ಮೇಜಿನ ಕಡೆಗೆ ನಿರ್ವಾತ ಕಾಯ್ದಿಡುವ ಟ್ಯಾಂಕ್ ಇರಬೇಕು. ಪಂಪ್ ನಿಂತ ಮೇಲೂ ಕಟ್ಟರ್ ನಿಲ್ಲುವ ತನಕ ಇದು ಹಲಗೆಯನ್ನು ಹಿಡಿದಿರುತ್ತದೆ.
ಆ) ಟ್ಯಾಂಕ್ ಗಟ್ಟಿ ಉಕ್ಕಿನದಾಗಿರಬೇಕು. ಪ್ಲಾಸ್ಟಿಕ್ ಡ್ರಮ್ ಅಥವಾ ತೆಳು ತಗಡಿನ ಪೀಪಾಯಿ ಹೊರಗಿನ ಗಾಳಿಯ ಒತ್ತಡಕ್ಕೆ ಕುಸಿಯುತ್ತದೆ.
ಇ) ನಿರ್ವಾತ ನಿಗದಿತ ಮಟ್ಟಕ್ಕಿಂತ ಇಳಿದರೆ ಯಂತ್ರವನ್ನು ತಾನಾಗಿ ನಿಲ್ಲಿಸುವ ಸ್ವಿಚ್ ಅಳವಡಿಸಬೇಕು.
ಈ) ವಿದ್ಯುತ್ ಮರಳಿ ಬಂದಾಗ ಯಂತ್ರ ತಾನಾಗಿ ಚಾಲನೆಗೊಳ್ಳದಂತಹ ಸ್ಟಾರ್ಟರ್ ಇರಬೇಕು.

8. ಪ್ರತಿ ಕೆಲಸಕ್ಕೆ ಮುನ್ನ ಪರೀಕ್ಷೆ

ಹಲಗೆ ಇಟ್ಟು ಪಂಪ್ ನಡೆಸಿ, ಗೇಜಿನ ಮುಳ್ಳು ಸ್ಥಿರವಾದ ಮೇಲೆ ಅಂಕಿ ಬರೆದುಕೊಳ್ಳಬೇಕು. ರಬ್ಬರ್ ಹುರಿಯ ಮೇಜಾಗಿದ್ದರೆ ವಾಲ್ವ್ ಮುಚ್ಚಿ ಒಂದು ನಿಮಿಷ ಕಾಯಬೇಕು. ಮುಳ್ಳು ಬೇಗನೆ ಇಳಿದರೆ ಸೋರಿಕೆಯ ಜಾಗ ಹುಡುಕಿ ಸರಿಪಡಿಸುವ ತನಕ ಕಟ್ಟರ್ ಚಾಲನೆ ಮಾಡಕೂಡದು. ಎಂಡಿಎಫ್ ಹಾಸಿನ ಮೇಜಿನಲ್ಲಿ ಪಂಪ್ ನಡೆಯುತ್ತಿರುವಾಗಿನ ಅಂಕಿಯನ್ನೇ ಆಧಾರವಾಗಿಟ್ಟುಕೊಳ್ಳಬೇಕು. ಅನಂತರ ಹಲಗೆಯನ್ನು ಎರಡೂ ಕೈಯಿಂದ ಪಕ್ಕಕ್ಕೆ ಬಲವಾಗಿ ತಳ್ಳಿ ನೋಡಬೇಕು. ಕಟ್ಟರ್ ತಿರುಗುತ್ತಿರುವಾಗ ಕನ್ನಡಕ ಧರಿಸಿ, ಹಲಗೆ ಸಿಡಿಯಬಹುದಾದ ದಿಕ್ಕಿನಿಂದ ದೂರ ನಿಲ್ಲಬೇಕು. ಸರಿಯುತ್ತಿರುವ ಹಲಗೆಯನ್ನು ಕೈಯಿಂದ ಹಿಡಿಯಲು ಎಂದಿಗೂ ಹೋಗಕೂಡದು. ತುರ್ತು ಗುಂಡಿಯನ್ನು ಒತ್ತಬೇಕು.

ಅಭ್ಯಾಸ

1. ಪಟ್ಟಿಯ ಒಳಗಿನ ಅಳತೆ 40 × 25 ಸೆಂ.ಮೀ.; ಗೇಜು 368 ಮಿ.ಮೀ. ಒಟ್ಟು ಬಲ ಮತ್ತು ಪಕ್ಕದ ಹಿಡಿತ ಎಷ್ಟು?
2. ಮಡಿಕೇರಿಯ ಘಟಕದಲ್ಲಿ ಹೊಸ ಪಂಪ್ 600 ಮಿ.ಮೀ. ಮಾತ್ರ ತೋರಿಸುತ್ತಿದೆ. ಪಂಪ್ ಹಿಂದಿರುಗಿಸಬೇಕೇ?
3. ಒಂದೇ ಹಾಳೆಯಲ್ಲಿ ದೊಡ್ಡ ತುಂಡುಗಳನ್ನು ಮೊದಲು ಕತ್ತರಿಸಿದರೆ ಆಗುವ ತೊಂದರೆ ಏನು?

ಉತ್ತರ: 1. 500 ಕೆ.ಜಿ.; 150 ಕೆ.ಜಿ. 2. ಬೇಕಿಲ್ಲ, ಅಲ್ಲಿ ದೊರೆಯುವ ಗರಿಷ್ಠ ಒತ್ತಡ ಸುಮಾರು 660 ಮಿ.ಮೀ. ಮಾತ್ರ. 3. ಉಳಿದ ಹಾಳೆಯ ವಿಸ್ತೀರ್ಣ ಕುಗ್ಗಿ, ಸಂದುಗಳಿಂದ ಗಾಳಿ ನುಗ್ಗಿ, ಸಣ್ಣ ತುಂಡುಗಳನ್ನು ಕತ್ತರಿಸುವ ವೇಳೆಗೆ ಹಿಡಿತ ಸಾಲದಾಗುತ್ತದೆ.

ಈ ಪಾಠದ 7 ಮತ್ತು 8ನೆಯ ಭಾಗಗಳನ್ನು ಪ್ರತ್ಯೇಕವಾಗಿ ಬರೆದು ಯಂತ್ರದ ಬಳಿ ಎಲ್ಲರಿಗೂ ಕಾಣುವಂತೆ ತೂಗುಹಾಕಲು ಹಾಗೂ ಹೊಸದಾಗಿ ಸೇರುವ ಕೆಲಸಗಾರರಿಗೆ ಯಂತ್ರ ಮುಟ್ಟುವ ಮೊದಲೇ ಓದಿ ತಿಳಿಸಲು ಘಟಕಗಳ ಮೇಲ್ವಿಚಾರಕರಿಗೆ ಸೂಚಿಸಲಾಗಿದೆ.